ಮೂರನೆಯ ಸಲ ಕೇಳುವವರೆಗೆ

ನಮ್ಮ ಕಡೆಯವರಿಗೆ ಯಾವುದನ್ನೂ ಮೊದಲ ಸಲ ಕೇಳಿದಾಗಲೇ ಬೇಕು ಎಂದು ಹೇಳಿ ಅಭ್ಯಾಸವಿಲ್ಲ. ಉರಿಬಿಸಿಲಿನಲ್ಲಿ ಉಚ್ಚಿಲದಿಂದ ಕಾಪುವಿಗೆ ನಡೆದು ಬಂದವರು, ಗಂಟಲು ಒಣಗಿ ಮಾತು ಹೊರಡದಿದ್ದರೂ, "ಬಾಯಾರಿಕೆಗೆ ಎಂತ ಬೇಕು?" ಎಂದು ಕೇಳಿದರೆ "ಎಂತ ಬೇಡ, ಈಗಷ್ಟೇ ಕುಡಿದದ್ದು" ಎನ್ನುತ್ತಾರೆ. ಎರಡನೆಯ ಸಲ ಕೇಳಿದರೆ "ಸುಮ್ಮನೆ ನಿಮಗೆ ತೊಂದರೆ." ಮೂರನೆಯ ಸಲ ಕೇಳುವಷ್ಟರಲ್ಲಿ ಬೆಲ್ಲದ ತುಂಡಿನ ಸಮೇತ ಎರಡು ಲೋಟ ಮಜ್ಜಿಗೆ ಒಳಗೆ ಹೋಗಿರುತ್ತದೆ. ಮೊದಲ ಸಲವೇ ಬೇಕು ಎಂದವನನ್ನು, ಅವನು ಅಂಗಳ ದಾಟುವ ಮೊದಲೇ, ಆಸೆಬುರುಕ ಎಂದು ಆಡಿಕೊಳ್ಳುತ್ತೇವೆ. ಒಂದೇ ಸಲ ಕೇಳಿ ಸುಮ್ಮನಾದವನನ್ನು ಅದಕ್ಕಿಂತ ಹೆಚ್ಚು ದಿನ ಆಡಿಕೊಳ್ಳುತ್ತೇವೆ.

ಈ ಹಾಳು ಮರ್ಯಾದೆಯಿಂದಾಗಿ ನನ್ನ ಕೆಲಸವೇ ಹೋಗುವುದರಲ್ಲಿತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮಣಿಪಾಲದ ಒಂದು ಗೇರುಬೀಜದ ಕಂಪೆನಿಯ ಆಫೀಸಿನಲ್ಲಿ ಟೈಪಿಸ್ಟ್ ಹುಡುಗಿಯಾಗಿದ್ದೆ. ಕಾರ್ಖಾನೆ ಇದ್ದದ್ದು ಕಾರ್ಕಳದಲ್ಲಿ. ಬೀಜ ಸುಡುವುದು, ಒಡೆಯುವುದು, ಸಿಪ್ಪೆ ಬಿಡಿಸುವುದು ಎಲ್ಲ ಅಲ್ಲಿ; ಅದನ್ನು ಹಡಗು ಹತ್ತಿಸಲು ಬೇಕಾದ ಕಾಗದಪತ್ರ ಮಾತ್ರ ಇಲ್ಲಿ. ಇಡೀ ಬೀಜ ಪರದೇಶಕ್ಕೆ ಹೋಗುತ್ತಿತ್ತು, ತುಂಡುಬೀಜ ನಮಗೆ. ದೀಪಾವಳಿಯ ಬೋನಸ್ಸಿನ ಜೊತೆಗೆ ತಲೆಗೊಂದು ಪೊಟ್ಟಣ ತುಂಡುಬೀಜ ಕೊಡುವುದು ಕಂಪೆನಿಯ ಪದ್ಧತಿ. ಬೋನಸ್ಸೂ ಹೆಚ್ಚುಕಡಿಮೆ ತುಂಡೇ ಆಗಿತ್ತು ಎನ್ನುವುದು ಬೇರೆ ಮಾತು.

ಅಪ್ಪನಿಗೆ ಕಾಪುವಿನಲ್ಲಿ ಒಂದು ಸಣ್ಣ ಬಟ್ಟೆ ಅಂಗಡಿ ಇತ್ತು. ಆ ವರ್ಷ ನವರಾತ್ರಿ ಮುಗಿದ ಮೇಲೆ ಒಂದು ಬೆಳಿಗ್ಗೆ, ನಾನು ಚಪ್ಪಲಿ ಮೆಟ್ಟುತ್ತಿರುವಾಗ, ಚಾವಡಿಯಲ್ಲಿ ಕೂತಿದ್ದ ಅಪ್ಪ ಹೇಳಿದರು: "ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಮಣಿಪಾಲಕ್ಕೆ ಇನ್ನೊಂದು ಬಸ್ಸು. ನೀನು ದುಡಿಯುವುದು ಬಸ್ಸಿನವರಿಗೆ ಅಲ್ವಾ? ಈ ದೀಪಾವಳಿಗೆ ಸಂಬಳ ಏರದಿದ್ದರೆ ಬಿಟ್ಟುಬಿಡು ಮಗಾ. ಅಂಗಡಿಯಲ್ಲಿ ಕೂತರೆ ನನಗಾದರೂ ಸಹಾಯ."

"ನಿಮ್ಮ ಇಷ್ಟ ಅಪ್ಪ" ಎಂದು ಹೇಳಿ ಹೊರಟುಬಿಟ್ಟೆ.

ನನ್ನ ಇಷ್ಟ ಏನೆಂದು ಬಸ್ಸಿನ ಕಿಟಕಿಗೆ ಹೇಳಿಕೊಂಡೆ. ನನಗೆ ಆ ಕೆಲಸ ಬೇಕಿತ್ತು. ಟೈಪ್‌ರೈಟರಿನ ಸದ್ದು ಬೇಕಿತ್ತು, ಕಣ್ಣು ಮುಚ್ಚಿ ಹೊಡೆದರೂ ತಪ್ಪದ ಬೆರಳಿನ ಜಂಬ ಬೇಕಿತ್ತು, ಶನಿವಾರ ಮಧ್ಯಾಹ್ನ ಆಫೀಸು ಬಿಟ್ಟ ಮೇಲೆ ಉಡುಪಿಯಲ್ಲಿ ತಿನ್ನುವ ಮಸಾಲೆದೋಸೆ ಬೇಕಿತ್ತು. ಅಂಗಡಿಯಲ್ಲಿ ಕೂತರೆ ಏನು ಮಾಡಬೇಕು? ಸೀರೆ ಬಿಡಿಸುವುದು, "ಬಣ್ಣ ಹೋಗುವುದಿಲ್ಲ ಅಕ್ಕಾ" ಎನ್ನುವುದು, ಅಕ್ಕ ಎದ್ದು ಹೋದ ಮೇಲೆ ಪುನಃ ಮಡಚುವುದು. ನೆನೆಸಿಕೊಂಡರೇ ಅಳು ಬರುತ್ತಿತ್ತು. ಆದರೂ ಒಂದು ಧೈರ್ಯವಿತ್ತು. ನಮ್ಮಲ್ಲಿ ದೀಪಾವಳಿಗೆ ಸಂಬಳ ಏರದ ವರ್ಷವೇ ಇರಲಿಲ್ಲ.

ಏಕೆಂದರೆ ಕೇಳುವವರು ಕಂಪೆನಿಯ ಯಜಮಾನರಾದ ಹಿರಿ ಧನಿಗಳು. ಹಬ್ಬಕ್ಕೆ ಮೊದಲು ಒಬ್ಬೊಬ್ಬರನ್ನೇ ತಮ್ಮ ಕೋಣೆಗೆ ಕರೆದು, ಕಾಫಿ ತರಿಸಿ, ಮನೆಯವರ ಆರೋಗ್ಯವನ್ನೆಲ್ಲ ವಿಚಾರಿಸಿ, ಕೊನೆಗೆ ಏನೋ ನೆನಪಾದವರ ಹಾಗೆ "ಮತ್ತೆ, ಸಂಬಳ ಸಾಕಾಗುತ್ತದಾ?" ಎನ್ನುತ್ತಿದ್ದರು.

"ಸಾಕು ಧನಿಗಳೇ."

"ಎಂತ ಸಾಕು? ಅಕ್ಕಿಗೆ ಎಷ್ಟಾಗಿದೆ ಗೊತ್ತುಂಟಾ?"

"ಹೇಗೋ ಹೋಗುತ್ತದೆ."

"ಹೇಗೋ ಹೋಗುವುದು ಬೇಡ. ಸ್ವಲ್ಪ ಏರಿಸುವ, ಆಗದಾ?"

"ನಿಮ್ಮ ಇಷ್ಟ."

ಅಲ್ಲಿಗೆ ಮುಗಿಯಿತು. ಯಕ್ಷಗಾನದ ಅರ್ಥಧಾರಿಗಳಿಗಾದರೂ ಮಾತು ತಪ್ಪೀತು, ನಮಗೆ ತಪ್ಪುತ್ತಿರಲಿಲ್ಲ. ಎಷ್ಟು ಏರಿಸುತ್ತೇನೆಂದು ಅವರೂ ಹೇಳುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ತಿಂಗಳ ಕೊನೆಗೆ ಲಕೋಟೆ ಬಿಡಿಸಿದಾಗ ಗೊತ್ತಾಗುತ್ತಿತ್ತು.

ಆ ವರ್ಷ ಧನಿಗಳಿಗೆ ಮಂಡಿನೋವು ಶುರುವಾಗಿ, ಆಫೀಸಿನ ಕೆಲಸವನ್ನು ಅಳಿಯನಿಗೆ ವಹಿಸಿದರು. ಅಳಿಯ ಧನಿ ಬೊಂಬಾಯಿಯಲ್ಲಿ ಹುಟ್ಟಿ ಬೆಳೆದವರು; ಹಿರಿಯರು ನಮ್ಮವರೇ, ನಾಲಿಗೆ ಮಾತ್ರ ಇಂಗ್ಲಿಷು. ಒಳ್ಳೆಯ ಮನುಷ್ಯ, ಸಿಡುಕಿದ್ದನ್ನು ನಾನು ಕಂಡಿಲ್ಲ. ಆದರೆ ಎಲ್ಲದಕ್ಕೂ ಒಂದು ಶಿಸ್ತು ಬೇಕು ಎನ್ನುವ ಕಾಯಿಲೆ ಇತ್ತು. ವರ್ಷಕ್ಕೊಮ್ಮೆ ಪ್ರತಿಯೊಬ್ಬರ ಕೆಲಸದ ಪರಿಶೀಲನೆಯಾಗಬೇಕು, ಪ್ರತಿಯೊಬ್ಬರ ಅಭಿಪ್ರಾಯ ಕೇಳಬೇಕು ಎಂದರು. ಕಾಫಿ ಇಲ್ಲ, ಮನೆಯವರ ಸುದ್ದಿ ಇಲ್ಲ. ನನ್ನ ಸರದಿ ಬಂದಾಗ ಒಳಗೆ ಹೋಗಿ ಕೂತೆ.

"ನಿಮ್ಮ ಕೆಲಸ ಚೆನ್ನಾಗಿದೆ" ಎಂದರು ಇಂಗ್ಲಿಷಿನಲ್ಲಿ. "ಈಗಿನ ಸಂಬಳದಿಂದ ನಿಮಗೆ ತೃಪ್ತಿ ಇದೆಯೇ?"

"ಇದೆ ಸರ್" ಎಂದು ನಾಚಿಕೆಯಿಂದ ನೆಲ ನೋಡಿದೆ.

"ಗುಡ್" ಎಂದು ಗುರುತು ಹಾಕಿಕೊಂಡರು. ನಾನು ಕೂತೇ ಇದ್ದೆ. ತಲೆಯೆತ್ತಿ "ಇನ್ನೇನಾದರೂ?" ಎಂದರು. ಇದು ಎರಡನೆಯ ಸಲ ಎಂದು ಲೆಕ್ಕ ಹಾಕಿ "ಏನಿಲ್ಲ ಸರ್" ಎಂದೆ. ಮೂರನೆಯದು ಬರಲೇ ಇಲ್ಲ. ಬಾಗಿಲಿನ ಕಡೆ ನೋಡಿ "ನೆಕ್ಸ್ಟ್" ಎಂದರು!

ಎರಡು ದಿನ ಬಿಟ್ಟು ನಮ್ಮನ್ನೆಲ್ಲ ಒಟ್ಟು ಸೇರಿಸಿ ಭಾಷಣ ಮಾಡಿದರು. ಬೊಂಬಾಯಿಯಲ್ಲಿ ಹೀಗೆ ಕೇಳಿದ್ದರೆ ಗೇಟಿನ ಹೊರಗೆ ಘೋಷಣೆ ಕೂಗುತ್ತಿದ್ದರಂತೆ. ಇಷ್ಟು ಸಂತೃಪ್ತ ಜನರನ್ನು ಅವರು ಜನ್ಮದಲ್ಲಿ ಕಂಡಿಲ್ಲವಂತೆ. ಬೋನಸ್ಸು ಎಂದಿನ ಹಾಗೆ, ತುಂಡುಬೀಜ ಎಂದಿನ ಹಾಗೆ. ಸಂಬಳ ಏರಿದ್ದು ಜೀಪಿನ ಡ್ರೈವರನಿಗೆ ಮಾತ್ರ. ಅವನು ಹಿಂದೆ ಬೊಂಬಾಯಿಯ ಹೋಟೆಲಿನಲ್ಲಿ ಕೆಲಸ ಮಾಡಿ ಬಂದವನು. ಬೇಡ ಎಂದರೆ ತಟ್ಟೆ ಎತ್ತಿಕೊಂಡು ಹೋಗುವ ಊರಿನಲ್ಲಿ ಪಳಗಿದವನು. ತೃಪ್ತಿ ಇದೆಯೇ ಎಂದು ಕೇಳಿದ್ದಕ್ಕೆ "ಇಲ್ಲ" ಎಂದು ಒಂದೇ ಮಾತಿನಲ್ಲಿ ಹೇಳಿದ್ದನಂತೆ.

ನನ್ನ ಪಕ್ಕದ ಮೇಜಿನಲ್ಲಿ ಲೆಕ್ಕಪತ್ರ ನೋಡುತ್ತಿದ್ದ ಉದ್ಯಾವರದ ಬಾಯಮ್ಮ ಕೆಂಡಾಮಂಡಲವಾದರು. ಕೊಂಕಣಿ ಕ್ರಿಶ್ಚಿಯನ್ನರ ಹೆಂಗಸು. ನನಗಿಂತ ಹಿರಿಯರು, ಬಾಯಿ ಬಹಳ ಜೋರು. "ಅವರ ತಲೆಗೆ ಗೇರುಎಣ್ಣೆ ಹೊಯ್ಯಬೇಕು!" ಎಂದರು. ಗೇರಿನ ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಟ್ಟುಹೋಗುತ್ತದೆ.

"ನೀವಾದರೂ ಬೇಕು ಎನ್ನಬಹುದಿತ್ತಲ್ಲ ಬಾಯಮ್ಮ?"

"ನಾನೆಂತ ಭಿಕ್ಷೆಯವಳಾ, ಕೇಳಿದ ಕೂಡಲೇ ಕೈ ಒಡ್ಡಲಿಕ್ಕೆ?"

"ಹಾಗಾದರೆ ಹಿರಿ ಧನಿಗಳ ಹತ್ತಿರ ಹೋಗಿ ಹೇಳುವ."

"ಎಂತ ಹೇಳುವುದು ಮಾರಾಯ್ತಿ? ತೃಪ್ತಿ ಉಂಟು ಎಂದು ನಾವೇ ಹೇಳಿ ಆಯಿತಲ್ಲ. ಸುಳ್ಳು ಹೇಳಿದ್ದು ಎನ್ನುವುದಾ?"

ಮನೆಯಲ್ಲಿ ಅಪ್ಪ ಕೇಳಿದಾಗ "ಹಬ್ಬ ಕಳೆದ ಮೇಲೆ ಹೇಳುತ್ತಾರಂತೆ" ಎಂದು ತಪ್ಪಿಸಿಕೊಂಡೆ. ಹೇಳಿದರೆ ಮರುದಿನವೇ ಅಂಗಡಿ. ಸ್ನಾನದ ಮನೆಯಲ್ಲಿ ನೀರು ಹೊಯ್ದುಕೊಳ್ಳುತ್ತಾ ಚೆನ್ನಾಗಿ ಅತ್ತೆ. ಅತ್ತು ಮುಗಿದ ಮೇಲೆ ಉಳಿದದ್ದು ಸಿಟ್ಟು.

ದೀಪಾವಳಿಗೆ ಕಾರ್ಕಳದ ಕಾರ್ಖಾನೆಯಲ್ಲಿ ಲಕ್ಷ್ಮೀಪೂಜೆ, ಆಮೇಲೆ ಎಲೆಯೂಟ. ಕಾರ್ಖಾನೆಯ ಹೆಂಗಸರು, ಆಫೀಸಿನವರು, ಧನಿಗಳ ಮನೆಯವರು ಎಲ್ಲ ಒಂದೇ ಶೆಡ್ಡಿನಲ್ಲಿ ಸಾಲಾಗಿ ಕೂರುತ್ತಿದ್ದರು. ಬಡಿಸಲು ಆಫೀಸಿನ ಹೆಂಗಸರು. ಬಾಯಮ್ಮನಿಗೆ ನೀರಿನ ಕೆಲಸ, ನನಗೆ ಪಾಯಸ. ಕಡಲೆಬೇಳೆ ಪಾಯಸ, ಅದರಲ್ಲಿ ತೇಲುವ ಇಡೀ ಗೇರುಬೀಜ. ವರ್ಷದಲ್ಲಿ ಆ ಒಂದು ದಿನ ಮಾತ್ರ ಇಡೀ ಬೀಜ ನಮ್ಮ ಎಲೆಗೂ ಬೀಳುತ್ತಿತ್ತು.

ಮೊದಲ ಸುತ್ತು ಬಡಿಸಿ ಬಂದೆ. ಎರಡನೆಯ ಸುತ್ತಿಗೆ ಹೊರಟಾಗ ಅಳಿಯ ಧನಿಯ ಎಲೆಯಲ್ಲಿ ಪಾಯಸದ ಗುರುತೇ ಇರಲಿಲ್ಲ, ಬೆರಳಿನಿಂದ ಬಳಿದು ತಿಂದಿದ್ದರು. ಎದುರಿನ ಸಾಲಿನಲ್ಲಿ ಮಾವ ಕೂತಿದ್ದಾರೆ. ಮಾವನ ಮುಂದೆ ಅಳಿಯ ಹೇಗೆ ಊಟ ಮಾಡಬೇಕೆಂದು ಹೆಂಡತಿ ಹೇಳಿಕೊಟ್ಟು ಕರೆತಂದಿರಬೇಕು.

"ಪಾಯಸ ಬಡಿಸಲಾ ಸರ್?" ಎಂದೆ.

"ನೋ ನೋ, ಸಾಕು" ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದರು. ಹಿಡಿದದ್ದು ಹೇಗೆ? ಬೆರಳುಗಳ ನಡುವೆ ಪಾಯಸ ಧಾರಾಳವಾಗಿ ಇಳಿಯುವಷ್ಟು ಜಾಗ ಬಿಟ್ಟು! ಎಷ್ಟೆಂದರೂ ನಮ್ಮವರೇ ಅಲ್ಲವೇ, ರಕ್ತದಲ್ಲಿ ಇರುವುದು ಎಲ್ಲಿಗೆ ಹೋಗುತ್ತದೆ? ಆ ಕೈಯನ್ನು ನೋಡಿದೆ, ಆಸೆ ತುಂಬಿದ ಮುಖವನ್ನೂ ನೋಡಿದೆ. ನನ್ನೊಳಗೆ ಯಾವ ಭೂತ ಹೊಕ್ಕಿತೋ ಗೊತ್ತಿಲ್ಲ.

"ಗುಡ್" ಎಂದೆ. ಪಕ್ಕದ ಎಲೆಯ ಕಡೆ ತಿರುಗಿ "ನೆಕ್ಸ್ಟ್" ಎಂದೆ.

ಪಕ್ಕದ ಎಲೆ ಡ್ರೈವರನದು. ನಾನು ಕೇಳುವ ಮೊದಲೇ ಅವನು "ಬೇಕು" ಎಂದ. ಎರಡು ಸೌಟು ಹಾಕಿದೆ. ಅಳಿಯ ಧನಿಯ ಕೈ ಇನ್ನೂ ಎಲೆಯ ಮೇಲೆಯೇ ಇತ್ತು.

ಎದುರಿನಿಂದ ಹಿರಿ ಧನಿಗಳು ನೋಡಿದರು. "ಎಂತ ಮಗಾ, ಅಳಿಯನಿಗೆ ಪಾಯಸ ಬಡಿಸಲಿಲ್ಲ?"

"ಕೇಳಿದೆ ಧನಿಗಳೇ" ಎಂದೆ. "ತೃಪ್ತಿ ಇದೆ ಎಂದರು."

ಧನಿಗಳಿಗೆ ತಲೆಬುಡ ಅರ್ಥವಾಗಲಿಲ್ಲ. "ಒಂದು ಸಲ ಕೇಳಿದರೆ ಆಯಿತಾ? ಇದೆಂತ ಬಡಿಸುವ ಕ್ರಮ?"

ಆಗ ನೀರಿನ ತಂಬಿಗೆ ಹಿಡಿದು ನಿಂತಿದ್ದ ಬಾಯಮ್ಮ ಅಲ್ಲಿಂದಲೇ ಕೂಗಿದರು: "ಈ ವರ್ಷದಿಂದ ಅದೇ ಕ್ರಮ ಧನಿಗಳೇ! ನಮ್ಮ ಸಂಬಳಕ್ಕೂ ಒಂದೇ ಸಲ ಕೇಳಿದ್ದು!"

ಶೆಡ್ಡಿನಲ್ಲಿ ಪಾಯಸ ಸೊರ್ರೆನ್ನಿಸುವ ಸದ್ದೂ ನಿಂತುಹೋಯಿತು. ಅಪ್ಪ ಬಿಡಿಸುವ ಮೊದಲೇ ಇವರೇ ಕೆಲಸ ಬಿಡಿಸುತ್ತಾರೆ ಎಂದುಕೊಂಡೆ. ಧನಿಗಳು ಅಳಿಯನನ್ನು ನೋಡಿದರು, ಅವರ ಖಾಲಿ ಎಲೆಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ನಗಲು ಶುರುಮಾಡಿದವರು ಪಾಯಸ ನೆತ್ತಿಗೇರುವವರೆಗೂ ನಿಲ್ಲಿಸಲಿಲ್ಲ. ಹೆಂಡತಿ ಬಂದು ತಲೆ ತಟ್ಟಬೇಕಾಯಿತು. ಅಳಿಯ ಧನಿಯ ಕಿವಿ ಕೆಂಪಾಗಿತ್ತು. ನಾನು ಹಿಂದಕ್ಕೆ ಹೋಗಿ ಅವರ ಎಲೆಗೆ ಪಾಯಸ ಬಡಿಸಿದೆ. ಈ ಸಲ ಕೇಳಲಿಲ್ಲ, ಅವರೂ ಕೈ ಅಡ್ಡ ಹಿಡಿಯಲಿಲ್ಲ.

ಹಬ್ಬದ ರಜೆ ಮುಗಿದು ಆಫೀಸು ತೆರೆದ ದಿನ ಮೊದಲ ಕರೆ ನನಗೇ ಬಂತು. ಕೋಣೆಯಲ್ಲಿ ಕಾಫಿ ಬಂದಿತ್ತು. ಅಳಿಯ ಧನಿ ನಗಲಿಲ್ಲ, ಬೈಯಲೂ ಇಲ್ಲ. "ಮಾವ ಎಲ್ಲ ವಿವರಿಸಿದರು" ಎಂದರು. "ಸಂಬಳ ಏರಿಸಬೇಕೇ? ಇದು ಮೊದಲ ಸಲ. ಇನ್ನೆಷ್ಟು ಸಲ ಕೇಳಬೇಕು, ನೀವೇ ಹೇಳಿ."

ನಂಬುತ್ತೀರೋ ಇಲ್ಲವೋ, ಆಗಲೂ ನನ್ನ ನಾಲಿಗೆ "ಪರವಾಗಿಲ್ಲ ಸರ್" ಎನ್ನಲು ಹೊರಟಿತ್ತು. ಹಲ್ಲಿನಲ್ಲಿ ಕಚ್ಚಿ ಹಿಡಿದೆ.

"ಇನ್ನು ಕೇಳುವುದು ಬೇಡ ಸರ್. ಬೇಕು."

"ಎಷ್ಟು?"

ಅಯ್ಯೋ ದೇವರೇ! ಎಷ್ಟು ಎಂದು ನಮ್ಮನ್ನು ಯಾರೂ ಕೇಳಿದ್ದೇ ಇಲ್ಲ. ಬಾಯಿಗೆ ಬಂದ ಒಂದು ಮೊತ್ತ ಹೇಳಿದೆ. ಅವರು ಮರುಮಾತಿಲ್ಲದೆ ಒಪ್ಪಿದ ಚುರುಕು ನೋಡಿದಾಗಲೇ ಕಡಿಮೆ ಹೇಳಿದೆ ಎಂದು ಗೊತ್ತಾಯಿತು. ನನ್ನ ಹಿಂದೆಯೇ ಹೋದ ಬಾಯಮ್ಮ ಅದರ ಎರಡರಷ್ಟು ಕೇಳಿ ತೆಗೆದುಕೊಂಡು ಬಂದರು. ಭಿಕ್ಷೆಯವಳಲ್ಲ ಎಂದಿದ್ದು ಇವರೇ.

ಸಂಜೆ ಕಾಪುವಿನಲ್ಲಿ ಬಸ್ಸಿಳಿದು ಮನೆಗೆ ಓಡಿಯೇ ಬಂದೆ. ಅಪ್ಪ ಆಗಷ್ಟೇ ಅಂಗಡಿಯಿಂದ ಬಂದು ಚಾವಡಿಯಲ್ಲಿ ಕೂತಿದ್ದರು.

"ಸಂಬಳ ಏರಿತು ಅಪ್ಪ. ನಾನು ಕೆಲಸ ಬಿಡುವುದಿಲ್ಲ. ನನಗೆ ಆ ಕೆಲಸ ಬೇಕು."

ಅಪ್ಪ ನನ್ನ ಮುಖವನ್ನೇ ನೋಡಿದರು. "ಬೇಕಾ ನಿನಗೆ?"

"ಬೇಕು."

"ಮತ್ತೆ ಆವತ್ತೇ ಹೇಳುವುದಲ್ವಾ ಮಗಾ? ದಿನಾ ಎರಡೆರಡು ಬಸ್ಸು ಹತ್ತಿ ಬಚ್ಚುತ್ತದೋ, ಮೈಕೈ ನೋಯುತ್ತದೋ ಏನೋ, ಬಿಡುತ್ತೇನೆ ಎನ್ನಲಿಕ್ಕೆ ನಿನಗೆ ಬಾಯಿ ಬರುವುದಿಲ್ಲವೋ ಏನೋ ಎಂದು ನಾನು ಒಂದು ಮಾತು ಹೇಳಿದ್ದು. ನೀನು 'ನಿಮ್ಮ ಇಷ್ಟ' ಎಂದು ಹೋದೆ. ನಿನಗೆ ಬೇಕು ಎಂದಾದರೆ ಸಂಬಳ ಎಂತಕ್ಕೆ ಏರಬೇಕಿತ್ತು?"

ನಾನು ಅತ್ತದ್ದು, ಊಟದ ಸಾಲಿನಲ್ಲಿ ಹೆದರಿದ್ದು ಎಲ್ಲ ಕಣ್ಣೆದುರು ಬಂತು. ಯಾರ ತಲೆಗೆ ಗೇರುಎಣ್ಣೆ ಹೊಯ್ಯಬೇಕು, ಅಪ್ಪನ ತಲೆಗೋ ನನ್ನ ತಲೆಗೋ ಎಂದು ತಿಳಿಯಲಿಲ್ಲ. ಸಿಟ್ಟಿನ ಜೊತೆಗೆ ನಗೆಯೂ ಬಂತು, ಕಣ್ಣಲ್ಲಿ ನೀರೂ ಬಂತು.

ಒಳಗಿನಿಂದ ಅಮ್ಮ ಕೇಳಿದಳು, "ಚಾ ಬೇಕಾ?"

"ಬೇಕು" ಎಂದೆವು, ಅಪ್ಪನೂ ನಾನೂ ಒಟ್ಟಿಗೆ. ಅಮ್ಮ ಗಾಬರಿಯಾಗಿ ಹೊರಗೆ ಬಂದು ನೋಡಿದಳು.