ಮೆನುವಿನಲ್ಲಿ ಹನ್ನೆರಡು ಮಂದಿ ಹಿರಿಯರು

ಗೆಳೆಯರೇ, ಇವತ್ತು ಭಾಲ್ಕಿಯ ಕಾಲೇಜೊಂದಕ್ಕೆ ಹೋಗಿ, ಅವರ ವೆಬ್‌ಸೈಟಿಗೆ ನಾನು ಮಾಡಿದ ಮೆನು ತೋರಿಸಿದೆ. ಪ್ರವೇಶ, ಕೋರ್ಸು, ಫಲಿತಾಂಶ, ಸಂಪರ್ಕ. ನಾಲ್ಕೇ ಸಾಲು.

"ಅಧ್ಯಕ್ಷರು, ನಿರ್ದೇಶಕರು ಎಲ್ಲ್ಯಾರ್ರಿ?" ಎಂದರು ಕಾರ್ಯದರ್ಶಿ.

"ಸಂಪರ್ಕ ಒತ್ತಿದ್ರ ಬರ್ತಾರ್ರಿ."

"ಲಗ್ನಪತ್ರಿಕಿದಾಗ ಹಿರೇರ ಹೆಸರು ಒತ್ತಿದ್ರ ಬರ್ತಾವೇನ್ರಿ? ಮೊದ್ಲು ಅವ್ರನ್ನ ಹಾಕ್ರಿ."

ಆಡಳಿತ ಮಂಡಳಿಯ ಹನ್ನೆರಡು ಹೆಸರುಗಳನ್ನೂ ಮೇಲೆ ಹಾಕಿದೆ. 'ಪ್ರವೇಶ' ಹದಿಮೂರನೆಯದಾಯಿತು. ಅರ್ಜಿಗೆ ಇವತ್ತೇ ಕೊನೆಯ ದಿನವೆಂದು ಔರಾದಿನಿಂದ ಬಂದಿದ್ದ ವಿದ್ಯಾರ್ಥಿನಿಗೆ ನನ್ನ ಮೊಬೈಲ್ ಕೊಟ್ಟು, ಅರ್ಜಿ ಹುಡುಕಲು ಹೇಳಿದೆ. ಆಕೆ ಬಹಳ ಹೊತ್ತು ಬೆರಳಾಡಿಸಿದಳು.

"ಸರ್, ಇವ್ರೆಲ್ಲ ಯಾರ್ರಿ?"

ಕಾರ್ಯದರ್ಶಿ ತೃಪ್ತಿಯಿಂದ ನನ್ನತ್ತ ತಿರುಗಿದರು. "ನೋಡ್ರಿ, ಓದ್ಲಕತ್ತಾಳ."

ಮೆನು ಹಾಗೆಯೇ ಅಂಗೀಕಾರವಾಯಿತು. ವಿದ್ಯಾರ್ಥಿನಿ ಪಕ್ಕದ ಕೋಣೆಯಲ್ಲಿ ಕಾಗದದ ಅರ್ಜಿ ತುಂಬಿದಳು. ಅದರ ಮೊದಲ ಸಾಲಿನಲ್ಲಿ ಕೇಳಿದ್ದು ಆಕೆಯ ಹೆಸರನ್ನು ಮಾತ್ರ.