ಲಿನಕ್ಸ್‌ಗೆ ಬಾಯಿ ಕಟ್ಟಿದ ಮಧ್ಯಾಹ್ನ

ಪಟ್ಟಿಯನ್ನು ಪೂರ್ತಿ ಕೇಳದೆ ‘ಹೌದು’ ಎಂದುಬಿಡುವ ಚಟ ನನ್ನದು. ಕಣ್ಣು ಕಾಣದ ನನಗೆ ಕಂಪ್ಯೂಟರಿನ ಪರದೆಯನ್ನು ಒಂದು ತಂತ್ರಾಂಶ ಓದಿ ಹೇಳುತ್ತದೆ. ಸಿದ್ದಾಪುರದ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುವ ನನ್ನ ಬದುಕು ಆ ದನಿಯನ್ನು ನಂಬಿಯೇ ನಡೆಯುವುದು.

ಕಳೆದ ವರ್ಷ ಒಂದು ದಿನ ಸಂಜೆ ಐದರೊಳಗೆ ಪ್ರಶ್ನೆಪತ್ರಿಕೆ ಕಳಿಸಬೇಕಿತ್ತು. ಊಟ ಮುಗಿಸಿ ಕೂತವನಿಗೆ, ಮೊದಲು ಕಂಪ್ಯೂಟರನ್ನು ನಡೆಸುವ ಲಿನಕ್ಸನ್ನು ಅಪ್‌ಡೇಟ್ ಮಾಡಿಬಿಡೋಣ ಎನಿಸಿತು. ನನ್ನ ಬುದ್ಧಿಯೇ ಹಾಗೆ.

ಲಿನಕ್ಸಿನಲ್ಲಿ ತಂತ್ರಾಂಶಗಳು ಒಂದನ್ನೊಂದು ನೆಚ್ಚಿಕೊಂಡಿರುತ್ತವೆ. ಯಾವುದಕ್ಕೆ ಯಾವುದು ಬೇಕೆಂದು ನೋಡಿಕೊಳ್ಳುವುದು ಪ್ಯಾಕೇಜ್ ಮ್ಯಾನೇಜರ್ ಎಂಬ ತಂತ್ರಾಂಶ. ಹೊಸದು ಹಳೆಯದರ ಜೊತೆ ಹೊಂದದಿದ್ದರೆ ಅದು ಸಾಮಾನ್ಯವಾಗಿ ಹೊಸದನ್ನೇ ತಡೆದಿಡುತ್ತದೆ. ‘ಎಲ್ಲವೂ ಹೊಸದಾಗಲಿ’ ಎಂದು ಹಟ ಹಿಡಿದರೆ ಮಾತ್ರ ಹಳೆಯದನ್ನೂ, ಅದನ್ನು ನೆಚ್ಚಿದವನ್ನೂ ತೆಗೆಯಲು ಹೊರಡುತ್ತದೆ. ಆಗಲೂ ಕೇಳದೆ ತೆಗೆಯುವುದಿಲ್ಲ. ಹಟ ಹಿಡಿದ ನನ್ನನ್ನೂ ಕೇಳಿತು. ತೆಗೆಯುವವುಗಳ ಪಟ್ಟಿಯನ್ನು ದನಿ ಅರ್ಧ ಓದುವಷ್ಟರಲ್ಲಿ ನಾನು ಹೌದೆನ್ನುವ ‘ವೈ’ ಒತ್ತಿಯಾಗಿತ್ತು. ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದರೆ ಮಾತೇ ಇಲ್ಲ. ಓದಿ ಹೇಳುವ ತಂತ್ರಾಂಶವೂ ಆ ಪಟ್ಟಿಯಲ್ಲಿತ್ತು!

ಆಗಲೇ ಮೂರೂವರೆ. ಮನೆಯಲ್ಲಿದ್ದವಳು ಯಲ್ಲಾಪುರದಿಂದ ಬಂದಿದ್ದ ಅಕ್ಕ ಒಬ್ಬಳೇ. ಇಂಗ್ಲಿಷ್ ಅಕ್ಷರ ಬಲ್ಲಳು, ಇಂಗ್ಲಿಷ್ ಬಾರದು.

“ಅಕ್ಕಾ, ಇಲ್ಲಿ ಎಂತ ಬರದ್ದು ಓದೇ.”

“ಒಂದೊಂದೇ ಅಕ್ಷರ ಓದ್ತೆ ತಮಾ, ನೀ ಗಡಿಬಿಡಿ ಮಾಡಡ.”

ಹೋದ ತಂತ್ರಾಂಶವನ್ನು ಮರಳಿ ಹಾಕೆಂದು ನೆನಪಿನಿಂದಲೇ ಆದೇಶ ಟೈಪಿಸಿದೆ. ಅಕ್ಕ ಓದತೊಡಗಿದಳು. “ಆರ್, ಇ, ಎಮ್, ಓ, ವಿ...”

ರಿಮೂವ್! ಮತ್ತೇನನ್ನೋ ತೆಗೆಯಲು ಹೊರಟಿದೆ. “ಅದರ ಕೆಳಗೆ?”

“ಎನ್, ಇ, ಟಿ, ಡಬ್ಲ್ಯೂ...”

ನೆಟ್‌ವರ್ಕ್. ಅದೂ ಹೋದರೆ ಇಂಟರ್ನೆಟ್ಟೇ ಇಲ್ಲ. ಹೊರಗಿನಿಂದ ಏನನ್ನೂ ತರಿಸಲಾಗದು. ಬೇಡವೆನ್ನುವ ‘ಎನ್’ ಒತ್ತಿದೆ.

ಆಗ ಹೊಳೆಯಿತು. ಓದುವ ತಂತ್ರಾಂಶದ, ಉಳಿದವಕ್ಕೆ ಹೊಂದುವ ಹೊಸ ಆವೃತ್ತಿ ಮಧ್ಯಾಹ್ನ ಸಿಗದಿದ್ದರೂ ಈಗ ಬಂದಿರಬಹುದಲ್ಲ? ಸಿಗುವ ತಂತ್ರಾಂಶಗಳ ಹೊಸ ಪಟ್ಟಿ ತರಿಸಿ ಅದೇ ಆದೇಶ ಮತ್ತೆ ಕೊಟ್ಟೆ.

“ಸೊನ್ನೆ, ಟಿ, ಓ, ಆರ್, ಇ, ಎಮ್...”

“ಸೊನ್ನೆಯೇ ಹೌದಾ? ಸರಿಯಾಗಿ ನೋಡು.”

“ಸೊನ್ನೆನೇಯ. ದುಂಡಗೆ ಇದ್ದು.”

‘ಜೀರೊ ಟು ರಿಮೂವ್’, ಅಂದರೆ ತೆಗೆಯುವುದು ಏನೂ ಇಲ್ಲ. ‘ವೈ’ ಒತ್ತಿ, ಮತ್ತೆ ಚಾಲೂ ಮಾಡಿ, ಇಬ್ಬರೂ ಕಾದು ಕೂತೆವು. ಕಂಪ್ಯೂಟರ್ ಒಮ್ಮೆಲೇ ಮಾತಾಡಿತು. ಅಕ್ಕ ಬೆಚ್ಚಿ ಕುರ್ಚಿ ಹಿಂದೆ ಸರಿಸಿದಳು.

ಪ್ರಶ್ನೆಪತ್ರಿಕೆ ತೆರೆದಾಗ, ಕನ್ನಡ ಕಂಡ ಖುಷಿಗೆ ಅವಳೇ ಓದಿಕೊಂಡು ಹೋದಳು. ಏಳನೆಯ ಪ್ರಶ್ನೆಗೆ ನಿಂತಳು.

“ಇದು ದೊಡ್ಡೋಳಾದ ಎಂಗೇ ಅರ್ಥ ಆಗ್ತಿಲ್ಲೆ. ಪಾಪದ ಮಕ್ಕಳಿಗೆ ಎಂತಕೆ ತಮಾ?”

ನಿಜವೆನಿಸಿತು. ತೆಗೆಯುವ ಮುಂಚೆ, ಅದನ್ನು ನೆಚ್ಚಿಕೊಂಡ ಇನ್ನೊಂದು ಪ್ರಶ್ನೆ ಕೆಳಗೆಲ್ಲಾದರೂ ಇದೆಯೇ ಎಂದು ಅಕ್ಕನಿಂದ ಕೊನೆಯವರೆಗೂ ಓದಿಸಿದೆ. ಇತ್ತು. ಎಂಟನೆಯದು ನಿಂತಿದ್ದೇ ಏಳನೆಯದರ ಮೇಲೆ. ಎರಡನ್ನೂ ಹೊಸದಾಗಿ ಬರೆದು, ಐದಕ್ಕೆ ಹತ್ತು ನಿಮಿಷ ಇರುವಾಗ ಕಳಿಸಿದೆ.