ಅವ್ವನಿಗೆ ‘ಬ್ಲೀಕ್’ ಬಿಡಿಸಿ ಹೇಳಿದವಳು

ತಂಬ್ರಹಳ್ಳಿಯಿಂದ ಹಗರಿಬೊಮ್ಮನಹಳ್ಳಿಗೆ ಬಸ್ಸಿನಲ್ಲಿ ಪಿಯುಸಿಗೆ ಹೋಗುತ್ತಿದ್ದವರು ನಮ್ಮ ಓಣಿಯಲ್ಲಿ ಇಬ್ಬರೇ ಹುಡುಗಿಯರು, ನಾನು ಮತ್ತು ನನ್ನ ಗೆಳತಿ. ಇಂಗ್ಲಿಷ್ ಮೇಷ್ಟ್ರು ಒಂದು ದಿನ ಬೋರ್ಡಿನ ಮೇಲೆ ಹೋಪ್‌ಲೆಸ್, ಡಿಸ್ಮಲ್, ಗ್ರಿಮ್, ಬ್ಲೀಕ್ ಎಂದು ಬರೆದರು. “ಮನಸ್ಸು ಕುಗ್ಗಿಸೋ ಪರಿಸ್ಥಿತಿಗೆ ಹೇಳೋ ಗುಣವಾಚಕ ಇವು. ಗೈಡ್ ನೋಡಬ್ಯಾಡ್ರಿ, ನಿಮ್ಮ ಬದುಕಿನಾಗಿಂದನ ವಾಕ್ಯ ಬರಕೊಂಡು ಬರ್ರಿ” ಎಂದರು.

ಆಗ ಮನೆಯಲ್ಲಿ ಅವ್ವನ ತಮ್ಮನಿಗೆ ನನ್ನನ್ನು ಕೊಡುವ ಮಾತು ನಡೆದಿತ್ತು. ಮಾವ ಹೊಳಲು ಎಂಬ ಊರಿನಲ್ಲಿ ಕುರಿ ಸಾಕಿಕೊಂಡಿದ್ದ. ಒಳ್ಳೆಯವ. ನನಗೆ ಡಿಕ್ಷನರಿ ತಂದುಕೊಟ್ಟವನೂ ಅವನೇ. ಆದರೆ ಮದುವೆಯಾದರೆ ಓದು ನಿಲ್ಲುತ್ತಿತ್ತು. ಮನೆಯಲ್ಲಿ ಯಾರಿಗೂ ಇಂಗ್ಲಿಷ್ ಬಾರದೆಂಬ ಧೈರ್ಯದಲ್ಲಿ ಬರೆದೆ: ಮಾವನನ್ನು ಮದುವೆಯಾದರೆ ನನ್ನ ಮುಂದಿನ ದಿನಗಳು ಬ್ಲೀಕ್, ಅವನ ಮನೆಯ ಬಾಳು ಡಿಸ್ಮಲ್. ಗೆಳತಿಗೆ ಮಾತ್ರ ತೋರಿಸಿದೆ. ಅವಳು ಒಂದು ಸ್ಪೆಲ್ಲಿಂಗ್ ತಿದ್ದಿ, “ಯಾರಿಗೂ ಹೇಳಂಗಿಲ್ಲ ಬಿಡಲೇ” ಎಂದಳು.

ಆ ಭಾನುವಾರ ನಾನು ನೀರಿನ ಕೊಡ ಹೊತ್ತು ಬಂದಾಗ ಪಡಸಾಲೆಯಲ್ಲಿ ಅವ್ವ, ಮಾವ ಕೂತಿದ್ದರು. ಎದುರಿಗೆ ಗೆಳತಿ, ಕೈಯಲ್ಲಿ ನನ್ನ ನೋಟ್‌ಬುಕ್ಕು.

“ಬ್ಲೀಕ್ ಅಂದ್ರ ಮುಂದ ಏನೂ ಬೆಳಕಿಲ್ಲ ಅಂತ ಚಿಗವ್ವಾ” ಎಂದು ಅವ್ವನಿಗೆ ಬಿಡಿಸಿ ಹೇಳುತ್ತಿದ್ದಳು, ಪಾಠ ಒಪ್ಪಿಸುವಷ್ಟು ಸ್ಪಷ್ಟವಾಗಿ.

ಕೊಡ ಇಳಿಸುವುದನ್ನೂ ಮರೆತು ನಿಂತೆ. ಮಾವ ನನ್ನ ಮುಖ ನೋಡಲಿಲ್ಲ. “ಮದಿವಿ ಬ್ಯಾಡಕ್ಕಾ. ಹುಡುಗಿ ಓದ್ಲಿ” ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದ. ಅವ್ವ ಎಷ್ಟು ಕರೆದರೂ ಊಟಕ್ಕೆ ನಿಲ್ಲಲಿಲ್ಲ.

ಮರುದಿನ ಬಸ್ಸಿಗೆ ಕಾಯುವಾಗ ಗೆಳತಿಯನ್ನು ಕೇಳಿದೆ, “ಯಾಕ ಹೇಳ್ದಿ?”

“ಬರದಾಕಿ ನೀನ ಅಲ್ಲೇನು?” ಎಂದಳು. ಆಮೇಲೆ ಕಣ್ಣು ಒರೆಸಿಕೊಂಡು, “ನನ್ನ ಮದಿವಿ ಗೊತ್ತು ಮಾಡ್ಯಾರ. ಪರೀಕ್ಷಿಗೂ ಕಳಸಂಗಿಲ್ಲಂತ. ನೀನೊಬ್ಬಾಕಿನ ಓದಬೇಕೇನು?”

ಅವ್ವ ಸಿಟ್ಟಿಗೆದ್ದು ನನ್ನ ಕಾಲೇಜೂ ಬಿಡಿಸುತ್ತಾಳೆಂದು ಅವಳು ಎಣಿಸಿದ್ದಳು. ಆಗಿದ್ದು ಬೇರೆ. ಅವ್ವ ತಿಂಗಳುಗಟ್ಟಲೆ ನನ್ನ ಜೊತೆ ಮಾತು ಬಿಟ್ಟಳು, ಕಾಲೇಜು ಬಿಡಿಸಲಿಲ್ಲ. ತಮ್ಮನ ಮಾತು ಅವಳಿಗೆ ದೊಡ್ಡದು.

ಗೆಳತಿ ಆ ಬೇಸಿಗೆಯಲ್ಲಿ ಹರಪನಹಳ್ಳಿಗೆ ಸೊಸೆಯಾಗಿ ಹೋದಳು. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟು ತಪ್ಪಿದವಳ ಮದುವೆಗೆ ನಾನು ಹೋಗಲಿಲ್ಲ. ಅವಳ ಸಂಕಟ ಅರ್ಥವಾಗಿತ್ತು, ಆದರೂ ಕಾಲು ಏಳಲಿಲ್ಲ. ಮಾವ ಎರಡು ವರ್ಷದ ನಂತರ ಬೇರೆ ಮದುವೆಯಾದ. ಮನೆಗೆ ಬಂದರೆ ಇವತ್ತಿಗೂ ಅವ್ವನನ್ನು ಮಾತಾಡಿಸಿ ಹೋಗುತ್ತಾನೆ. ನಾನು ಚಹಾ ಕೊಟ್ಟರೆ ಕಪ್ಪು ಇಸಿದುಕೊಳ್ಳುತ್ತಾನೆ, ತಲೆ ಎತ್ತುವುದಿಲ್ಲ.